ಖಾನ್‌ಸಾಹೇಬರು ನಮಗೂ ಸೇರಿದವರು

ಈ ಸಲ ಉರುಸಿಗೆ ನಾನಾ ಜೊತೆ ಮಿರಜಿಗೆ ಹೋಗಿದ್ದೆ. ಘಟಪ್ರಭಾದಲ್ಲಿ ರೈಲು ಹತ್ತಿದರೆ ರಾಯಬಾಗ, ಕುಡಚಿ, ಉಗಾರ, ಆಮೇಲೆ ಮಿರಜ್. ನಮ್ಮ ಕಡೆ ಮಿರಜ್ ಅಂದರೆ ಆಸ್ಪತ್ರೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಮನೆಯಲ್ಲಿ ಕೇಳಿದರೂ "ಮಿರಜಿಗೆ ಕರಕೊಂಡು ಹೋಗಿದ್ವಿ" ಅನ್ನುವ ಒಂದು ಕಥೆ ಇರುತ್ತದೆ. ಹಾಡು ಕೇಳೋಕೆ ಹೋಗ್ತೀನಿ ಅಂದಾಗ ಗೆಳತಿಯರು ನಕ್ಕರು. "ಅದು ನಮ್ಮವರ ಸಂಗೀತ ಅಲ್ಲ ಬಿಡು" ಅಂದಳು ಒಬ್ಬಳು. ಇನ್ನೊಬ್ಬಳು, "ಕೇಳೋದು ಸರಿನಾ?" ಅಂದಳು. ಇಬ್ಬರಿಗೂ ಆಗ ಉತ್ತರ ಕೊಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಿರಜಿನ ಖ್ವಾಜಾ ಮೀರಾಸಾಹೇಬ ದರ್ಗಾದ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. ಅವರು ಬದುಕಿದ್ದಾಗ ಉರುಸಿನಲ್ಲಿ ಇಲ್ಲೇ ಹಾಡುತ್ತಿದ್ದರು. ತೀರಿಕೊಂಡ ಮೇಲೆ ಅವರ ನೆನಪಿಗೆ ಉರುಸಿನಲ್ಲಿ ಸಂಗೀತ ಸಭೆ ನಡೆಯುತ್ತ ಬಂದಿದೆ. ಖಾನ್‌ಸಾಹೇಬರು ಹುಟ್ಟಿದ್ದು 1872ರಲ್ಲಿ, ದೂರದ ಉತ್ತರ ಪ್ರದೇಶದ ಕಿರಾಣಾದಲ್ಲಿ. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ಮೈ ಸರಿಯಿಲ್ಲದೆ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನಲ್ಲೇ ಹಾಸಿಗೆ ಬಿಡಿಸಿ, ನಮಾಜು ಮಾಡಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಪ್ರಾಣ ಬಿಟ್ಟರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ನಾನಾ ಇದನ್ನು ರೈಲಿನಲ್ಲೇ ಹೇಳಿದರು. ಅದಾದ ಮೇಲೆ ಪ್ರತಿ ಸಣ್ಣ ಸ್ಟೇಷನ್ ಬಂದಾಗಲೂ ನಾನು ಪ್ಲಾಟ್‌ಫಾರ್ಮು ನೋಡುತ್ತಿದ್ದೆ.

ಈಗ ಮೊದಲನೇ ಗೆಳತಿಗೆ. ಕುಂದಗೋಳದ ಸವಾಯಿ ಗಂಧರ್ವರು ಕಲಿತದ್ದು ಇವರ ಹತ್ತಿರ. ಸವಾಯಿ ಗಂಧರ್ವರ ಹತ್ತಿರ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಕಲಿತರು. ಗದಗಿನ ಹುಡುಗ ಭೀಮಸೇನ ಖಾನ್‌ಸಾಹೇಬರ ಝಿಂಝೋಟಿ ಠುಮ್ರಿಯ ರೆಕಾರ್ಡು ಕೇಳಿ, ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಕೊಡುವುದಷ್ಟೇ ಅಲ್ಲ, ಖಾನ್‌ಸಾಹೇಬರು ಇಲ್ಲಿಂದ ತೆಗೆದುಕೊಂಡರು ಕೂಡ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಅದನ್ನು ಕೇಳಲು ಅವರ ಮನೆಗೇ ಬರುತ್ತಿದ್ದರಂತೆ. ತ್ಯಾಗರಾಜರ ಕೃತಿಯನ್ನು ಕಲಿತು ರೆಕಾರ್ಡು ಮಾಡಿದರು. ಮೈಸೂರು ಅರಸರು 'ಸಂಗೀತ ರತ್ನ' ಎಂದರು.

ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಇದೆಯಲ್ಲ, ಕಣ್ಣಿಗೆ ಕಾಣದ ಆಸ್ತಿ. ಪಾಲುದಾರ ನಿವೃತ್ತನಾದರೂ ಅದರಲ್ಲಿ ಅವನ ಪಾಲು ಲೆಕ್ಕ ಹಾಕಲೇಬೇಕು, ಮರೆತರೆ ಮಾರ್ಕು ಹೋಗುತ್ತದೆ. ಇಲ್ಲಿ ನಮ್ಮವರ ಪಾಲನ್ನು ನಾವೇ ಬರೆಯದೆ ಬಿಟ್ಟಿದ್ದೇವೆ.

ನಾವಷ್ಟೇ ಅಲ್ಲ. ಅಂಗಳದಲ್ಲಿ ಹೆಂಗಸರ ಕಡೆ ಕೂತಿದ್ದೆ. ಪಕ್ಕದ ಮರಾಠಿ ಆಂಟಿ ಒಬ್ಬರು ಬುತ್ತಿಯಿಂದ ಚಕ್ಕುಲಿ ಕೊಟ್ಟು, ನನ್ನ ಸ್ಕಾರ್ಫ್ ನೋಡಿ, ಬಹಳ ಪ್ರೀತಿಯಿಂದ ಕೇಳಿದರು: "ನಿಮ್ಮ ಜನಕ್ಕೂ ಇದೆಲ್ಲ ಇಷ್ಟ ಆಗುತ್ತಾ?" ಉಸ್ತಾದರ ಸಮಾಧಿ ಅಲ್ಲೇ ಹತ್ತಿರದಲ್ಲಿತ್ತು. ಚಕ್ಕುಲಿ ಬಾಯಲ್ಲಿತ್ತು. ಹೂಂ ಅಂದೆ ಅಷ್ಟೆ. ಅವರ ಮೇಲೆ ಸಿಟ್ಟು ಬರಲಿಲ್ಲ, ಯಾಕಂದರೆ ಹಿಂದಿನ ವಾರ ನನ್ನ ಗೆಳತಿ ಹೇಳಿದ್ದೂ ಅದೇ ಮಾತು.

ಹಾಡು ಪೂರ್ತಿ ತಿಳಿಯಿತು ಅಂತ ಸುಳ್ಳು ಹೇಳುವುದಿಲ್ಲ. ಮೊದಲ ಅರ್ಧ ಗಂಟೆ ಆಕಳಿಸಿದೆ. ವಿಲಂಬಿತ ಅಂದರೆ ನಿಜವಾಗಿಯೂ ವಿಲಂಬವೇ! ಆಮೇಲೆ ಗಾಯಕರು ಒಂದೇ ಸ್ವರದ ಮೇಲೆ ಬಹಳ ಹೊತ್ತು ನಿಂತರು. ಸುತ್ತ ಇದ್ದವರೆಲ್ಲ ಮಾತು ನಿಲ್ಲಿಸಿದರು. ನಾನಾ ಕಣ್ಣು ಒರೆಸಿಕೊಂಡರು. ಅವರು ಅಳುವುದನ್ನು ನಾನು ನಾನಿ ತೀರಿಕೊಂಡಾಗ ಮಾತ್ರ ನೋಡಿದ್ದೆ.

ಎರಡನೇ ಗೆಳತಿಯ ಪ್ರಶ್ನೆ ಕಷ್ಟದ್ದು. ನಾನು ಆಲಿಮಾ ಅಲ್ಲ, ಕಾಮರ್ಸ್ ವಿದ್ಯಾರ್ಥಿನಿ. ನಮ್ಮ ಮನೆಯಲ್ಲೇ ದೊಡ್ಡಪ್ಪ ಸಂಗೀತ ಒಪ್ಪುವುದಿಲ್ಲ, ನಾನಾ ಒಪ್ಪುತ್ತಾರೆ. ಇಬ್ಬರೂ ಐದು ಹೊತ್ತಿನ ನಮಾಜು ಬಿಡುವವರಲ್ಲ, ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಬೇಡ ಅನ್ನುವವರ ಮಾತಿಗೆ ಗೌರವ ಕೊಡುತ್ತೇನೆ. ಆದರೆ ಒಂದು ತಕರಾರಿದೆ: ಮೊಬೈಲಿನಲ್ಲಿ ದಿನವಿಡೀ ಸಿನಿಮಾ ಹಾಡಿನ ರೀಲ್ಸ್ ನೋಡುವವರಿಗೆ ಖಾನ್‌ಸಾಹೇಬರ ಹೆಸರು ಬಂದಾಗ ಮಾತ್ರ ಯಾಕೆ ಈ ಪ್ರಶ್ನೆ ನೆನಪಾಗುತ್ತದೆ? ಅದು ಧರ್ಮದ ಚಿಂತೆಯೋ, ಅಥವಾ ನಮಗೆ ಗೊತ್ತಿಲ್ಲದ್ದರ ಅಂಜಿಕೆಯೋ?

ನನ್ನದೊಂದು ಕೋರಿಕೆ. ಅಕ್ಟೋಬರ್ 27ಕ್ಕೆ, ದಸರಾ ರಜೆ ಮುಗಿದಿದ್ದರೆ, ತರಗತಿ ಮುಗಿದ ಮೇಲೆ ಅವರ ಒಂದು ರೆಕಾರ್ಡು ಹಾಕೋಣ. ಹಳೇ ರೆಕಾರ್ಡಿನ ಒಂದು ಬದಿ ಮೂರು ನಿಮಿಷದಷ್ಟೇ. ಬೇಡ ಅನ್ನುವವರು ಮನೆಗೆ ಹೋಗಲಿ, ಯಾರೂ ಏನೂ ಅನ್ನಬಾರದು. ಪ್ರಿನ್ಸಿಪಾಲ್ ಸರ್ ಒಪ್ಪಿದರೆ ಸ್ಪೀಕರ್ ನಾನು ತರುತ್ತೇನೆ. ನಾನಾ ಕೂಡ ಬರುತ್ತೇನೆ ಅಂದಿದ್ದಾರೆ, ಅವರಿಗೊಂದು ಕುರ್ಚಿ ಬೇಕು.