ಕಡತ ಕಾಯುತ್ತದೆ, ಕೂಸು ಕಾಯುತ್ತದೆಯೇ?

ಆಸ್ಪತ್ರೆ ಹಿಂದೆ, ಬಸ್ ನಿಲ್ದಾಣದ ಮೂಲೆಯಲ್ಲಿ, ಬೇಲಿ ಮರೆಯಲ್ಲಿ 'ನವಜಾತ ಶಿಶು ಪತ್ತೆ' ಅಂತ ಸುದ್ದಿ ಬಂದ ದಿನ ಊರೆಲ್ಲ ಹೆತ್ತವಳಿಗೆ ಶಾಪ ಹಾಕುತ್ತದೆ. ಮರುದಿನ ಮರೆಯುತ್ತದೆ. ಆ ಕೂಸು ಆಮೇಲೆ ಎಲ್ಲಿಗೆ ಹೋಯ್ತು, ಏನಾಯ್ತು ಅಂತ ಕೇಳುವವರು ಮಾತ್ರ ಸಿಗುವುದಿಲ್ಲ.

ಕಾನೂನಿನಲ್ಲಿ ಕೊರತೆ ಏನಿಲ್ಲ. 2015ರ ಬಾಲನ್ಯಾಯ ಕಾಯಿದೆ ಪ್ರಕಾರ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಕೂಸು ದತ್ತು ಕೇಂದ್ರ ಸೇರುತ್ತದೆ. ಹೆತ್ತವರು ಬರಲಿ ಅಂತ ಪತ್ರಿಕೆಯಲ್ಲಿ ಚಿತ್ರ ಸಹಿತ ಪ್ರಕಟಣೆ ಬರುತ್ತದೆ. ಯಾರೂ ಬಾರದಿದ್ದರೆ, ಎರಡು ವರ್ಷದೊಳಗಿನ ಮಗುವನ್ನು ಎರಡು ತಿಂಗಳಲ್ಲಿ, ಅದಕ್ಕೂ ದೊಡ್ಡದನ್ನು ನಾಲ್ಕು ತಿಂಗಳಲ್ಲಿ 'ದತ್ತು ನೀಡಲು ಮುಕ್ತ' ಎಂದು ಸಮಿತಿ ಘೋಷಿಸಬೇಕು.

ಚಿಕ್ಕ ಕೂಸಿಗೆ ಅರ್ಧ ಗಡುವು ಯಾಕೆ? ಕಾರಣ ಇದೆ. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದಿಂದಾಚೆಗೆ ಅನಾಥಾಲಯದ 136 ಎಳೆಯ ಮಕ್ಕಳ ಮೇಲೆ ಅಧ್ಯಯನ ನಡೆಯಿತು. ಅರ್ಧ ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮುಂಚೆ ಮನೆ ಸೇರಿದವರೇ ಹೆಚ್ಚು ಚೇತರಿಸಿಕೊಂಡರು. ನಮ್ಮ ಅಜ್ಜಿಯಂದಿರಿಗೆ ಇದು ಅಧ್ಯಯನ ಇಲ್ಲದೆಯೂ ಗೊತ್ತಿತ್ತು. ಕೂಸಿಗೆ ಹಾಲಿನಷ್ಟೇ ಮುಖ್ಯ, ದಿನವೂ ಎತ್ತಿಕೊಳ್ಳುವ ಅದೇ ಎರಡು ಕೈ. ಪಾಳಿ ಬದಲಾದಂತೆ ಬದಲಾಗುವ ಆಯಾ ಎಷ್ಟೇ ಒಳ್ಳೆಯವಳಾದರೂ ಪಾಳಿ ಮುಗಿದರೆ ಮನೆಗೆ ಹೋಗಲೇಬೇಕು.

ಹಾಗಾದರೆ ಗಾಡಿ ನಿಲ್ಲುವುದು ಎಲ್ಲಿ? ಒಂದು, ಠಾಣೆಯಲ್ಲಿ. 'ಹೆತ್ತವರು ಪತ್ತೆಯಾಗಿಲ್ಲ' ಎಂಬ ವರದಿ ಬರಬೇಕು, ಅದು ಬಂದೋಬಸ್ತು, ಸಮನ್ಸುಗಳ ನಡುವೆ ಕೂತುಬಿಡುತ್ತದೆ. ಗಡುವಿನಲ್ಲಿ ವರದಿ ಬಾರದಿದ್ದರೆ ಬಂದಂತೆಯೇ ಲೆಕ್ಕ ಎಂದು 2017ರ ದತ್ತು ನಿಯಮಾವಳಿಯೇ ಹೇಳಿತ್ತು. ಎರಡು, ಸಮಿತಿಯಲ್ಲಿ. ಘೋಷಣೆಗೆ ಕನಿಷ್ಠ ಮೂವರು ಸದಸ್ಯರು ಬೇಕು. ಅವಧಿ ಮುಗಿದು ಹೊಸ ನೇಮಕ ತಡವಾದರೆ ಕುರ್ಚಿ ಖಾಲಿ, ತೊಟ್ಟಿಲು ಭರ್ತಿ.

ಇನ್ನು ಕೆಲವು ಕೂಸುಗಳಿಗೆ ದತ್ತು ಬೇಕಾಗೇ ಇಲ್ಲ. ಅಪ್ಪ ಇಲ್ಲ, ತಾಯಿಗೆ ಕಾಯಿಲೆ, ಅಜ್ಜಿ ಸಾಕಲು ಸಿದ್ಧ, ಆದರೆ ಅಜ್ಜಿ ಕೈಯಲ್ಲಿ ಕಾಸಿಲ್ಲ. ಇಂಥವರಿಗೇ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4000 ರೂಪಾಯಿ ನೆರವಿದೆ. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಎತ್ತಿ ಕೇಂದ್ರಕ್ಕೆ ಹಾಕುವುದು ಕಲ್ಯಾಣವಲ್ಲ.

ಹೆತ್ತವಳ ಮಾತೂ ಇದೆ. ಸಾಕಲಾಗದ ತಾಯಿ ಸಮಿತಿಗೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ಎರಡು ತಿಂಗಳೊಳಗೆ ವಾಪಸ್ ಕೇಳಬಹುದು. 1098ಕ್ಕೆ ಕರೆ ಮಾಡಿದರೂ ದಾರಿ ಸಿಗುತ್ತದೆ. ಇದು ಪ್ರತಿ ಹೆರಿಗೆ ವಾರ್ಡಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿದ್ದರೆ ಬೇಲಿ ಮರೆಯ ಕೂಸುಗಳಲ್ಲಿ ಕೆಲವಾದರೂ ಬದುಕುತ್ತವೆ.

ದತ್ತು ಕೇಳುವವರ ಸರದಿ ದಿಲ್ಲಿಯ ಕಾರಾ ಕೈಯಲ್ಲಿದೆ, ನಿಜ. ಆದರೆ ಠಾಣೆ, ಸಮಿತಿ, ಮಕ್ಕಳ ರಕ್ಷಣಾ ಘಟಕ ಎಲ್ಲವೂ ಜಿಲ್ಲೆಯಲ್ಲೇ ಇವೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೂಡ ಕೋರ್ಟಿನಿಂದ ಜಿಲ್ಲಾಧಿಕಾರಿಗಳ ಮೇಜಿಗೆ ಬಂದಿದೆ. ನೆಪಕ್ಕೆ ಜಾಗವಿಲ್ಲ.

ನಾವು ಕೇಳುವುದು ಒಂದೇ. ಎರಡು ತಿಂಗಳ ಗಡುವು ಮೀರಿದ ಕೂಸುಗಳು ಎಷ್ಟು, ತಡೆದದ್ದು ಯಾವ ಕಚೇರಿ, ಪ್ರತಿ ತಿಂಗಳೂ ಜಿಲ್ಲಾಧಿಕಾರಿಗಳು ಹೇಳಲಿ. ಮಗುವಿನ ಹೆಸರು ಬೇಡ, ಊರು ಬೇಡ, ಕಾನೂನೂ ಅದನ್ನು ಒಪ್ಪುವುದಿಲ್ಲ. ಬರೀ ಲೆಕ್ಕ ಸಾಕು. ಮಳೆ ಲೆಕ್ಕ, ಅಡಿಕೆ ಧಾರಣೆ ದಿನಾ ಹೇಳುವ ಜಿಲ್ಲೆಗೆ ಇಷ್ಟು ಹೇಳುವುದು ಕಷ್ಟವೇ?