ಮೊಬೈಲ್ ಬ್ಯಾಟರಿ ನಾವೇ ಬಿಚ್ಚಿ ಬದಲಿಸುವಂತಿರಬೇಕೇ?

ಬೆಳಿಗ್ಗೆ ನೂರಿದ್ದ ಚಾರ್ಜು ಮಧ್ಯಾಹ್ನದ ಊಟದ ಹೊತ್ತಿಗೆ ಹದಿನೈದಕ್ಕೆ ಬಂದಿರುತ್ತದೆ. ಬ್ಯಾಟರಿ ಮುಪ್ಪಾದ ಫೋನಿನ ಪಾಡು ಇದು. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಸಣ್ಣ ಸಾಧನಗಳ ಬ್ಯಾಟರಿಯನ್ನು ಕೊಂಡವರೇ ತೆಗೆದು ಬದಲಿಸುವಂತಿರಬೇಕು; ಫೋನುಗಳಿಗೆ ಕೆಲವು ವಿನಾಯಿತಿಗಳಿವೆ. ಅಂಥ ನಿಯಮ ನಮ್ಮಲ್ಲೂ ಬೇಕೇ? ತೀರ್ಥಹಳ್ಳಿ ಕಡೆಯ ಶಾಲಾ ಶಿಕ್ಷಕಿ ಬೇಕು ಎನ್ನುತ್ತಾರೆ. ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವರು ಒಪ್ಪುವುದಿಲ್ಲ.

ಪರ: ಮುಚ್ಚಳ ನಮ್ಮ ಕೈಗೆ ಬರಲಿ

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮೂರಿನ ಲೈನಿನ ಮೇಲೆ ಎಲ್ಲೋ ಒಂದು ಮರ ಬೀಳುತ್ತದೆ. ಆಮೇಲೆ ಎರಡು ದಿನ ಕರೆಂಟಿಲ್ಲ. ನೆಟ್‌ವರ್ಕ್ ಕೂಡ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ಟವರ್ ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿ ಸುರಿದು ಅದನ್ನು ಮುಟ್ಟಬೇಕು. ಸಿಗ್ನಲ್ ತಪ್ಪಿದರೆ ಮತ್ತೆ ಮತ್ತೆ ಹುಡುಕಬೇಕು. ಹಾಗಾಗಿ ಶಿವಮೊಗ್ಗದಲ್ಲಿ ರಾತ್ರಿಯವರೆಗೂ ಉಳಿಯುವ ಅದೇ ಚಾರ್ಜು ನಮ್ಮ ಶಾಲೆಯ ಜಗಲಿಯಲ್ಲಿ ಕೂತರೆ ಮಧ್ಯಾಹ್ನಕ್ಕೇ ಖಾಲಿ. ಪೇಟೆಯವರಿಗೆ ಇದು ಕಿರಿಕಿರಿ. ನಮಗೆ ಅಷ್ಟೇ ಅಲ್ಲ. ಹಾಲಿನ ದುಡ್ಡು, ಗ್ಯಾಸಿನ ಓಟಿಪಿ, ಮಕ್ಕಳ ಹಾಜರಿ, ಅಮ್ಮನ ಔಷಧದ ಚೀಟಿ ಎಲ್ಲವೂ ಆ ಒಂದು ಫೋನಿನಲ್ಲಿದೆ. ಅದು ಸತ್ತರೆ ಕೈಕಾಲು ಕಟ್ಟಿದ ಹಾಗೆ.

ನೋಕಿಯಾ 1100 ಬಂದದ್ದು 2003ರಲ್ಲಿ. ಅದರ ಬ್ಯಾಟರಿ 850 ಎಂಎಎಚ್, ಈಗಿನದರ ಐದನೇ ಒಂದು ಭಾಗವೂ ಅಲ್ಲ. ಆದರೂ ದಿನಗಟ್ಟಲೆ ಬರುತ್ತಿತ್ತು. ಆ ಕಪ್ಪು-ಬಿಳುಪು ಪರದೆಯನ್ನು ಈಗಿನ ಫೋನಿಗೆ ಹೋಲಿಸುವುದು ಸರಿಯಲ್ಲ, ಗೊತ್ತು. ನಾನು ಕೇಳುತ್ತಿರುವುದು ಆ ಬಾಳಿಕೆಯನ್ನಲ್ಲ, ಅದರ ಮುಚ್ಚಳವನ್ನು. ಉಗುರಿನಿಂದ ಎಬ್ಬಿಸಿ, ಚಾರ್ಜು ಮಾಡಿಟ್ಟ ಇನ್ನೊಂದು ಬ್ಯಾಟರಿ ಕೂರಿಸಿದರೆ ಒಂದು ನಿಮಿಷದಲ್ಲಿ ಫೋನು ತುಂಬಿರುತ್ತಿತ್ತು. ಆಗ ಬಸ್ಸಿನಲ್ಲಿ ಓಡಾಡುವಾಗ ನನ್ನ ಪರ್ಸಿನಲ್ಲಿ ಯಾವಾಗಲೂ ಒಂದು ಎಕ್ಸ್‌ಟ್ರಾ ಇರುತ್ತಿತ್ತು. ಈಗ ಇಟ್ಟಿಗೆಯಂಥ ಪವರ್ ಬ್ಯಾಂಕ್ ಹೊರಬೇಕು. ಅದನ್ನು ತುಂಬಿಸಲಿಕ್ಕೂ ಮತ್ತೆ ಕರೆಂಟೇ ಬೇಕು, ಅದೂ ಗಂಟೆಗಟ್ಟಲೆ.

ನನ್ನ ಈಗಿನ ಫೋನಿಗೆ ಎರಡೂವರೆ ವರ್ಷ. ಪರದೆಯ ಮೇಲೆ ಗೀರಿಲ್ಲ, ಕ್ಯಾಮೆರಾ ಚೆನ್ನಾಗಿದೆ. ಬ್ಯಾಟರಿ ಮಾತ್ರ ಸೋತಿದೆ. ಸರ್ವಿಸ್ ಸೆಂಟರಿಗೆ ಒಯ್ದರೆ ಮೂರು ದಿನ ಬಿಟ್ಟುಹೋಗಿ, ಒಳಗಿನ ಫೋಟೋಗಳಿಗೆ ನಾವು ಜವಾಬ್ದಾರರಲ್ಲ, ಹಿಂದಿನ ಗಾಜು ಒಡೆದರೆ ಅದರ ದುಡ್ಡೂ ನಿಮ್ಮದೇ ಎಂದರು. ಕೊನೆಗೆ, ಇಷ್ಟಕ್ಕೆ ಹೊಸದೇ ತಗೊಳ್ಳಿ ಮೇಡಂ, ಎಕ್ಸ್‌ಚೇಂಜ್ ಆಫರ್ ಇದೆ ಎಂದರು. ಒಂದು ಭಾಗ ಮುಪ್ಪಾಯಿತೆಂದು ಇಡೀ ಫೋನನ್ನೇ ಎಸೆಯಬೇಕೆಂದರೆ ನನಗೆ ಹೊಟ್ಟೆ ಉರಿಯುತ್ತದೆ. ಟಾರ್ಚಿನ ಶೆಲ್ ಮುಗಿದರೆ ಯಾರಾದರೂ ಟಾರ್ಚು ಎಸೆಯುತ್ತಾರೆಯೇ?

ಮುಚ್ಚಳ ಬಿಚ್ಚುವಂತಿದ್ದರೆ ನೀರು ಒಳಹೋಗುತ್ತದೆ ಎನ್ನುತ್ತಾರೆ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5ಕ್ಕೆ ಬಿಚ್ಚುವ ಮುಚ್ಚಳವೂ ಇತ್ತು, ನೀರಿನಿಂದ ರಕ್ಷಣೆಯ ಐಪಿ67 ದರ್ಜೆಯೂ ಇತ್ತು. ಮರುವರ್ಷ ಎಸ್6 ಬಂತು, ಮುಚ್ಚಳ ಹೋಯಿತು. ಅದೇ ಕಂಪನಿ 2022ರಲ್ಲಿ ಹೊರಗಿನ ಒರಟು ಕೆಲಸದವರಿಗೆಂದು ಎಕ್ಸ್‌ಕವರ್6 ಪ್ರೊ ಮಾಡಿತು. ಅದರ ಬ್ಯಾಟರಿಯನ್ನು ಕೈಯಲ್ಲೇ ತೆಗೆಯಬಹುದು, ಅದಕ್ಕೆ ಐಪಿ68 ಕೂಡ ಇದೆ. ಅಂದರೆ ಬರುತ್ತದೆ, ಮಾಡುವುದಿಲ್ಲ. ನಮ್ಮ ಸರ್ಕಾರ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದದ್ದು ಒಳ್ಳೆಯದೇ. ಆದರೆ ಮೇಜಿನ ಮೇಲೆ ಅಂಟು ಹಾಕಿ ಮುಚ್ಚಿದ ಫೋನು ಬಿದ್ದಿರುವಾಗ ಪೋರ್ಟಲ್ ನೋಡಿ ನಾನೇನು ಮಾಡಲಿ?

ವಿರೋಧ: ಮುಚ್ಚಳ ಬೇಡ, ಒಳ್ಳೆಯ ಬ್ಯಾಟರಿ ಕೊಡಲಿ

ಮೇಡಂ ಹೇಳಿದ ಸಂಕಟ ನಿಜ. ದಿನಾ ಅದೇ ಸಂಕಟ ಹೊತ್ತು ಜನ ನನ್ನ ಅಂಗಡಿಗೆ ಬರುತ್ತಾರೆ. ಆದರೆ ಅವರು ಕೇಳುವ ಮದ್ದು ಬೇರೆ, ರೋಗ ಬೇರೆ. ಸಿಗ್ನಲ್ ಇಲ್ಲದ ಊರಿನಲ್ಲಿ ಹೊಸ ಬ್ಯಾಟರಿಯೂ ಹಾಗೇ ಖಾಲಿಯಾಗುತ್ತದೆ. ಅಲ್ಲಿ ಬೇಕಾದದ್ದು ಟವರ್.

ಬಿಚ್ಚುವ ಬ್ಯಾಟರಿಯ ಕಾಲದಲ್ಲೂ ನಾನು ಇದೇ ಕೌಂಟರಿನ ಹಿಂದೆ ಕೂತಿದ್ದೆ. ಯಾರು ಬೇಕಾದರೂ ಬ್ಯಾಟರಿ ಹಾಕಬಹುದಾಗಿತ್ತು, ಹಾಗಾಗಿ ಯಾರು ಬೇಕಾದರೂ ಬ್ಯಾಟರಿ ಮಾರುತ್ತಿದ್ದರು. ಹೊಳೆಯುವ ಸ್ಟಿಕರ್ ಅಂಟಿಸಿದ ಡೂಪ್ಲಿಕೇಟು ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತಿತ್ತು. ಒಳಗೆ ಅರ್ಧ ಶಕ್ತಿಯೂ ಇಲ್ಲದವು, ತಿಂಗಳಲ್ಲೇ ಊದಿಕೊಂಡು ಮುಚ್ಚಳ ತಳ್ಳುವಂಥವು. ಒರಿಜಿನಲ್ಲಿಗೂ ಅಪಾಯ ತಪ್ಪಿದ್ದಲ್ಲ. ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿಯಷ್ಟು ಅತಿಯಾಗಿ ಬಿಸಿಯಾಗಬಹುದು, ಬದಲಿಸಿಕೊಡುತ್ತೇವೆ ಎಂದು 2007ರಲ್ಲಿ ನೋಕಿಯಾ ಪ್ರಕಟಿಸಿದಾಗ ಜನ ಫೋನನ್ನು ಕಿವಿಗಿಡಲಿಕ್ಕೇ ಹೆದರಿದರು. ಪರ್ಸಿನಲ್ಲಿ ಎಕ್ಸ್‌ಟ್ರಾ ಬ್ಯಾಟರಿ ಇಡುವುದೂ ಅಷ್ಟು ಸಲೀಸಲ್ಲ. ಹೊರಗೆ ಕಾಣುವ ಆ ಚಿನ್ನದ ಬಣ್ಣದ ಕಡ್ಡಿಗಳಿಗೆ ಬೀಗದ ಕೈಯೋ ಚಿಲ್ಲರೆಯೋ ಅಡ್ಡ ತಗುಲಿದರೆ ಶಾರ್ಟ್ ಆಗುತ್ತದೆ. ವಿಮಾನದಲ್ಲಿ ಬಿಡಿ ಬ್ಯಾಟರಿಯ ತುದಿ ಮುಚ್ಚಿಕೊಂಡು ಬನ್ನಿ ಎನ್ನುವುದು ಇದಕ್ಕೇ.

ಈಗಿನ ಬ್ಯಾಟರಿ ಗಟ್ಟಿ ಡಬ್ಬಿಯಲ್ಲ. ಬೆಳ್ಳಿ ಬಣ್ಣದ ತೆಳು ಹಾಳೆಯ ಚೀಲ. ಅದನ್ನು ಎಲ್ಲರೂ ಕೈಯಲ್ಲಿ ಹಿಡಿಯುವಂತೆ ಮಾಡಬೇಕೆಂದರೆ ಸುತ್ತ ಗಟ್ಟಿ ಕವಚ ಬೇಕು, ಫೋನಿನೊಳಗೆ ಅದು ಕೂರಲು ಗೂಡು ಬೇಕು, ನೀರು ತಡೆಯಲು ರಬ್ಬರ್ ಬೇಕು. ಅಷ್ಟು ಜಾಗ ಹೋಗುವುದು ಚಾರ್ಜಿನ ಲೆಕ್ಕದಲ್ಲೇ. ಮೇಡಂ ಹೆಸರಿಸಿದ ಎಕ್ಸ್‌ಕವರ್ ದಪ್ಪ ಫೋನು, ಆದರೂ ಅದರಲ್ಲಿ ಇರುವುದು 4,050 ಎಂಎಎಚ್ ಮಾತ್ರ. ಅದಕ್ಕಿಂತ ಎಷ್ಟೋ ಅಗ್ಗದ ಸಾದಾ ಫೋನುಗಳಲ್ಲಿ ಈಗ 5,000 ಸಾಮಾನ್ಯ. ಸಿಲಿಕಾನ್-ಕಾರ್ಬನ್ ಬಳಸಿದವು 6,000, 7,000ಕ್ಕೂ ಹೋಗಿವೆ. ಮಧ್ಯಾಹ್ನಕ್ಕೆ ಚಾರ್ಜು ಮುಗಿಯುತ್ತದೆ ಎನ್ನುವವರಿಗೆ ಮುಚ್ಚಳಕ್ಕಿಂತ ಅದೇ ಹೆಚ್ಚು ಉಪಕಾರ.

ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಾಗಿನಿಂದ ಅದರ ಗುಣ ಒಂದೇ: ಬಳಸಿದರೂ ಮುಪ್ಪಾಗುತ್ತದೆ, ಸುಮ್ಮನಿಟ್ಟರೂ ಆಗುತ್ತದೆ. ಬಿಸಿಯಲ್ಲಿ, ನೂರಕ್ಕೆ ನೂರು ತುಂಬಿಟ್ಟಾಗ ಇನ್ನೂ ಬೇಗ. ರಾತ್ರಿಯಿಡೀ ದಿಂಬಿನಡಿ ಚಾರ್ಜಿಗಿಟ್ಟ ಫೋನು, ಆಟೋದ ಮುಂದೆ ಬಿಸಿಲಿಗೆ ಸಿಕ್ಕಿಸಿದ ಫೋನು ನನ್ನಲ್ಲಿಗೆ ಬೇಗ ಬರುತ್ತವೆ. ಆ ಮುಪ್ಪನ್ನು ನಿಧಾನ ಮಾಡಿ ಎಂದು ಕಂಪನಿಗಳನ್ನು ಹಿಡಿಯುವುದೇ ಸರಿಯಾದ ದಾರಿ. ಯುರೋಪಿನವರು ಹಿಡಿದದ್ದೂ ಹೀಗೇ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಹೊಸ ಫೋನಿನ ಬ್ಯಾಟರಿ 800 ಸಲ ಪೂರ್ತಿ ಚಾರ್ಜಾದ ಮೇಲೂ ಶೇ. 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು. 1,000 ಸಲದವರೆಗೂ ಹಾಗೆ ಉಳಿದು, ನೀರಿಗೂ ತಡೆಯುವ ಫೋನಾದರೆ ಕೊಂಡವರೇ ಬಿಚ್ಚುವಂತಿರಬೇಕೆಂಬ ಷರತ್ತಿನಿಂದ ವಿನಾಯಿತಿ. ನಮ್ಮಲ್ಲಿ ಕಾನೂನು ಬಂದರೆ ಈ ಭಾಗ ಮೊದಲು ಬರಲಿ.

ಅಂಟಿನ ವಿಷಯದಲ್ಲಿ ಮಾತ್ರ ಮೇಡಂ ಜೊತೆ ನಿಲ್ಲುತ್ತೇನೆ. ಹಿಡಿದೆಳೆದರೆ ಬರುವ ಪಟ್ಟಿಯಿರುವ ಫೋನಿನಿಂದ ಬ್ಯಾಟರಿ ತೆಗೆಯುವುದು ಸುಲಭ. ಕೆಲವು ಫೋನುಗಳಲ್ಲಿ ಮೈತುಂಬ ಗಮ್ ಬಳಿದಿರುತ್ತಾರೆ. ಬಿಸಿ ಕೊಟ್ಟು ಎಬ್ಬಿಸುವಾಗ ಆ ಚೀಲ ಬಾಗಿದರೆ, ತೂತಾದರೆ ಬೆಂಕಿ. ಕೈ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಸ್ಕ್ರೂ ಹಾಕಲಿ, ಎಳೆಯುವ ಪಟ್ಟಿ ಕೊಡಲಿ, ಒರಿಜಿನಲ್ ಬ್ಯಾಟರಿಯನ್ನು ನನ್ನಂಥ ಸಣ್ಣ ಅಂಗಡಿಗೂ ಮಾರಲಿ.

ಮೇಡಂ ಫೋನು ತಂದುಕೊಟ್ಟರೆ ಅವರೆದುರೇ ಮುಕ್ಕಾಲು ಗಂಟೆಯಲ್ಲಿ ಬ್ಯಾಟರಿ ಬದಲಿಸಿಕೊಡುತ್ತೇನೆ, ಒಂದು ಫೋಟೋವೂ ಹೋಗುವುದಿಲ್ಲ. ಹಾಕಿದ ಬ್ಯಾಟರಿ ಒರಿಜಿನಲ್ ಎಂದು ಬಿಲ್ಲಿನಲ್ಲಿ ಬರೆದುಕೊಡಿ ಎಂದರೆ ಮಾತ್ರ ನನ್ನಿಂದಾಗದು. ಅದನ್ನು ನನಗೆ ಮಾರುವವರೇ ಇಲ್ಲ.