ಹೊಳೆಯ ಹಾವಳಿಯೂ ಸರಕಾರದ ಮರೆವೂ

ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಯ ಜನರು ಹತ್ತು ವರುಷಗಳ ಅಂತರದಲ್ಲಿ ಎರಡು ಸಲ ಮನೆಮಾರು ಕಳೆದುಕೊಂಡರು. 2009ನೆಯ ಇಸವಿಯ ಸಪ್ಟಂಬರದ ಕೊನೆಗೆ ಹಿಡಿದ ಮಳೆಯಿಂದ ಉತ್ತರ ಕರ್ನಾಟಕದಲ್ಲಿ 200ಕ್ಕೂ ಮಿಕ್ಕಿ ಜನರು ಅಸುನೀಗಿದರು. 2019ರ ಆಗಸ್ಟದಲ್ಲಿ ಅದೇ ಗೋಳು ಮರುಕಳಿಸಿತು; ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತು. ಇದೆಲ್ಲವೂ ದೈವಕೋಪವೆಂದು ಕೈತೊಳೆದುಕೊಳ್ಳುವವರನ್ನು ನಾವು ಕೇಳುತ್ತೇವೆ: ಮೊದಲಿನದು ದೈವದ್ದಾದರೆ ಎರಡನೆಯದು ಯಾರದು?

2009ರ ತರುವಾಯ ಸರಕಾರದವರು ‘ಆಸರೆ’ ಎಂಬ ಹೆಸರಿನಿಂದ ಮನೆಗಳನ್ನು ಕಟ್ಟಿಸಿದರು. ದಾನಿಗಳೂ ಧಾರಾಳವಾಗಿ ಕೊಟ್ಟರು. ಆ ದಾನಬುದ್ಧಿಗೆ ನಾವು ಕೈಮುಗಿಯುತ್ತೇವೆ. ಆದರೆ ಆ ಮನೆಗಳಲ್ಲಿ ಅನೇಕವು ಪಾಳುಬಿದ್ದುವು. ಜನರು ಹೊಳೆಯ ದಂಡೆಗೇ ತಿರುಗಿ ಹೋದರು. ‘ಇವರಿಗೆ ಬುದ್ಧಿಯಿಲ್ಲ’ ಎನ್ನುವ ಅಧಿಕಾರಿಗಳು ಅಲ್ಲಿ ಒಂದು ಸುಗ್ಗಿಯನ್ನು ಕಳೆದು ನೋಡಲಿ. ಎತ್ತು ಕಟ್ಟುವದೆಲ್ಲಿ? ಕಣಿಕೆ ಒಟ್ಟುವದೆಲ್ಲಿ? ಅಣ್ಣತಮ್ಮಂದಿರು ಕೂಡಿ ಬಾಳುವ ಮನೆತನವು ಒಂದೆರಡು ಕೋಣೆಗಳಲ್ಲಿ ಹಿಡಿಯುವದೇ? ಹೊಲವು ಹೊಳೆಯ ಬದಿಗೆ, ಮನೆಯು ದೂರದ ಬಯಲಿಗೆ!

2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳೆಂದು ಸಾರಲಾಯಿತು. ಸಂತೋಷವೇ. ಆದರೆ ಉತಾರೆಯಲ್ಲಿ ಹೆಸರಿಲ್ಲದವನ ಪಾಡೇನು? ವಕೀಲಿವೃತ್ತಿಯ ನಮಗೆ ಕಾಗದದ ಬೆಲೆ ಗೊತ್ತಿದೆ. ಕಾಗದವನ್ನೂ ಹೊಳೆಯೇ ಒಯ್ದಿರುವಾಗ ಕಾಗದ ತಾ ಎನ್ನುವದು ನ್ಯಾಯವಲ್ಲ, ಅಪಹಾಸ್ಯ. ರಾಜ್ಯವು 35,000 ಕೋಟಿಗೂ ಹೆಚ್ಚಿನ ಹಾನಿಯ ಲೆಕ್ಕವನ್ನು ಮುಂದಿಟ್ಟಿತು. ದಿಲ್ಲಿಯಿಂದ ಆ ಅಕ್ಟೋಬರದಲ್ಲಿ ಮೊದಲು ಬಂದದ್ದು 1,200 ಕೋಟಿ.

ಸಾಂಗಲಿ-ಕೊಲ್ಲಾಪುರಗಳ ಮುಳುಗಡೆಗೆ ಆಲಮಟ್ಟಿಯೇ ಕಾರಣವೆಂಬ ದೂರನ್ನು ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿಯು 2020ರಲ್ಲಿ ತಳ್ಳಿಹಾಕಿತು. ಅಷ್ಟಕ್ಕೇ ನಾವು ಹಿಗ್ಗುವ ಕಾರಣವಿಲ್ಲ. ಮುಂಬಯಿ ಸರಕಾರದ ಮಲತಾಯಿತನವನ್ನು ಹಳಿಯುವ ಕಾಲವು 1956ರ ಏಕೀಕರಣದೊಡನೆ ತೀರಿತು. ಮಲಪ್ರಭೆಯ ಪಾತ್ರವನ್ನು ಒತ್ತಿ ಉತ್ತವರು ನಮ್ಮವರೇ; ನೋಡಿಯೂ ಸುಮ್ಮನಿದ್ದ ಅಧಿಕಾರಿಗಳೂ ನಮ್ಮವರೇ. ಕನ್ನಡ ರಾಜ್ಯ ಬೇಕೆಂದು ಹೋರಾಡಿದವರು ಕಚೇರಿಯ ಭಾಷೆ ಬದಲಾದರೆ ಸಾಕೆಂದು ಹೋರಾಡಿರಲಿಲ್ಲ.

ನದೀಪಾತ್ರವನ್ನು ಅಳೆದು ಗಡಿಕಲ್ಲು ನೆಡಬೇಕು. ಊರು ಬಿಟ್ಟೇಳುವವನಿಗೆ ಕೊಟ್ಟಿಗೆ-ಹಿತ್ತಿಲು ಹಿಡಿಯುವಷ್ಟು ನಿವೇಶನವನ್ನು ಹಕ್ಕುಪತ್ರಸಹಿತ ಕೊಡಬೇಕು. ಅದೂ ಮಳೆಗಾಲಕ್ಕೆ ಮೊದಲು. ನಮ್ಮ ವಾಚಕರಲ್ಲಿ ಶಾಲಾಮಾಸ್ತರರು ಬಹಳ. ದಂಡೆಯ ಹಳ್ಳಿಗಳಲ್ಲಿರುವವರು ಯಾವ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತಿವೆಯೆಂದು ಈಗಲೇ ಬರೆದು, ಪಂಚರ ರುಜು ಹಾಕಿಸಿ, ಒಂದು ಪ್ರತಿಯನ್ನು ತಹಶೀಲದಾರರಿಗೆ ಒಪ್ಪಿಸಿ ಪಾವತಿ ಪಡೆದಿಟ್ಟುಕೊಳ್ಳಲಿ.